ಐಪಿ ಮೆಸೆಂಜರ್: ಹಳೇ ಆಫೀಸ್ ನೆಟ್‌ವರ್ಕಿಗೆ ಇಷ್ಟು ಸಾಕು

ಶಿರಸಿಯ ಅಡಿಕೆ ವಖಾರಿಯಿರಲಿ, ಅಂಕೋಲಾ-ಕಾರವಾರ ಕಡೆಯ ಸೊಸೈಟಿ ಆಫೀಸಿರಲಿ, ಎರಡು ವಿಂಡೋಸ್ ಎಕ್ಸ್‌ಪಿ, ಎರಡು ವಿಂಡೋಸ್ 7, ಆಮೇಲೆ ಸೇರಿಸಿದ ಒಂದು ವಿಂಡೋಸ್ 10 ಹೀಗೆ ಕಂಪ್ಯೂಟರುಗಳನ್ನು ಒಂದೇ ಸ್ವಿಚ್ಚಿಗೆ (ಎಲ್ಲರ ನೆಟ್‌ವರ್ಕ್ ಕೇಬಲ್ ಕೂಡಿಸುವ ಪೆಟ್ಟಿಗೆ) ಜೋಡಿಸಿಕೊಂಡು ಕೆಲಸ ಸಾಗಿಸುವವರು ಇನ್ನೂ ಇದ್ದಾರೆ. ತೂಕದ ಕಟ್ಟೆಯಿಂದ ಬಿಲ್ಲಿನ ಮೇಜಿಗೆ ‘ರಾಶಿ 40 ಚೀಲ ತೂಕ ಆಯ್ತು’ ಎಂದು ಪರದೆಯ ಮೇಲೆ ಹೇಳಬೇಕು, ಅಷ್ಟೇ ಬೇಡಿಕೆ. ವಾಟ್ಸಾಪ್ ಸಾಲದೇ ಎಂದರೆ, ಆಷಾಢದ ಮಳೆಗೆ ಇಂಟರ್ನೆಟ್ ಹೋದಾಗಲೂ ಆಫೀಸಿನೊಳಗಿನ ಕೇಬಲ್ ಸರಿಯಾಗೇ ಇರುತ್ತದೆ. ಒಳಗಿನ ಮಾತಿಗೆ ಹೊರಗಿನ ದಾರಿ ಯಾಕೆ ಬೇಕು?

ಇಂಥ ಕಡೆ ಇವತ್ತಿಗೂ ಧೈರ್ಯವಾಗಿ ಹಾಕಿಕೊಳ್ಳಬಹುದಾದದ್ದು ಐಪಿ ಮೆಸೆಂಜರ್. ಒಂದೇ ನೆಟ್‌ವರ್ಕಿನ ಕಂಪ್ಯೂಟರುಗಳ ನಡುವೆ ಸಂದೇಶ ಕಳಿಸಲು 1996ರಲ್ಲಿ ಜಪಾನಿನಲ್ಲಿ ಹುಟ್ಟಿದ ಪುಟ್ಟ ತಂತ್ರಾಂಶ. ದುಡ್ಡಿಲ್ಲ, ಬೇರೆ ಸರ್ವರ್ ಬೇಡ. ಆದರೆ ಇದನ್ನು ಮೆಚ್ಚುವುದಕ್ಕೆ ಮುಖ್ಯ ಕಾರಣ ಬೇರೆ: ಎದುರಿನವರು ಓದಿದರೋ ಇಲ್ಲವೋ ಎಂಬುದು ಕಳಿಸಿದವರಿಗೆ ಗೊತ್ತಾಗುತ್ತದೆ.

ಹಳಬರ ಬಾಯಲ್ಲಿ ಇನ್ನೂ ಇರುವ ‘ನೆಟ್ ಸೆಂಡ್’, ಅಂದರೆ ಹಳೇ ವಿಂಡೋಸಿನಲ್ಲೇ ಇದ್ದ ಸಂದೇಶ ಕಳಿಸುವ ಕಮಾಂಡ್, ಇಲ್ಲೇ ಸೋಲುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್ ಸೆಂಡ್ ಎಂದು ಬರೆದು, ಜಾಗ ಬಿಟ್ಟು ಕಂಪ್ಯೂಟರಿನ ಹೆಸರು, ಮತ್ತೆ ಜಾಗ ಬಿಟ್ಟು ಸಂದೇಶ. ಎಂಟರ್ ಒತ್ತಿದರೆ ಆಯ್ತು. ಇಷ್ಟು ಸಲೀಸಾದದ್ದು ಮತ್ತೆ ಬಂದಿಲ್ಲ, ಒಪ್ಪೋಣ. ಆದರೆ ‘ಯಶಸ್ವಿಯಾಗಿ ಕಳಿಸಲಾಗಿದೆ’ ಎಂಬ ಉತ್ತರ ಬರುವುದು ಯಂತ್ರಕ್ಕೆ ತಲುಪಿತು ಎನ್ನುವುದಕ್ಕೆ ಮಾತ್ರ. ಕುರ್ಚಿಯಲ್ಲಿ ಜನ ಇದ್ದಾರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಬಂದ ಪೆಟ್ಟಿಗೆಯಲ್ಲಿ ಓಕೆ ಬಟನ್ ಒಂದೇ, ಉತ್ತರ ಕೊಡಲು ಜಾಗವಿಲ್ಲ. ಕಣ್ತಪ್ಪಿ ಓಕೆ ಒತ್ತಿಬಿಟ್ಟರೆ ಸಂದೇಶ ಪೂರ್ತಿ ಹೋಯಿತು ಎಂದೇನೂ ಅಲ್ಲ: ವಿಂಡೋಸಿನ ದಾಖಲೆ ತೋರಿಸುವ ಇವೆಂಟ್ ವ್ಯೂವರಿನ ಸಿಸ್ಟಮ್ ಪಟ್ಟಿಯಲ್ಲಿ ‘ಅಪ್ಲಿಕೇಶನ್ ಪಾಪಪ್’ ಹೆಸರಲ್ಲಿ, 26ನೇ ನಂಬರಿನಡಿ ಅದು ಉಳಿದಿರುತ್ತದೆ. ಈ ಉಪಾಯ ತಿಳಿದವರು ಕಡಿಮೆ.

ಎಕ್ಸ್‌ಪಿಯಲ್ಲೇ ನೆಟ್ ಸೆಂಡ್ ನಡೆಯದಿರುವುದಕ್ಕೆ ಕಾರಣವಿದೆ. ಅದನ್ನು ನಡೆಸುವ, ವಿಂಡೋಸಿನದ್ದೇ ಆದ ಮೆಸೆಂಜರ್ ಸರ್ವಿಸಿನ (ಐಪಿ ಮೆಸೆಂಜರ್ ಅಲ್ಲ) ದೊಡ್ಡದೊಂದು ಭದ್ರತಾ ದೋಷಕ್ಕೆ 2003ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ತೇಪೆ ಹಾಕಬೇಕಾಯಿತು. ಇಂಟರ್ನೆಟ್ಟಿನಿಂದ ಜಾಹೀರಾತು ಪಾಪಪ್‌ಗಳೂ ಅದೇ ಬಾಗಿಲಿನಿಂದ ನುಗ್ಗುತ್ತಿದ್ದವು. ಹಾಗಾಗಿ 2004ರ ಸರ್ವಿಸ್ ಪ್ಯಾಕ್ 2ರಲ್ಲಿ ಅದನ್ನು ಮುಚ್ಚಿಯೇ ಕೊಟ್ಟರು, ವಿಸ್ಟಾದಿಂದ ಮುಂದೆ ತೆಗೆದೇ ಹಾಕಿದರು. ಎಲ್ಲವೂ ಎಕ್ಸ್‌ಪಿಯೇ ಆಗಿದ್ದು, ಇಂಟರ್ನೆಟ್ ಸಂಪರ್ಕವೇ ಇಲ್ಲದಿದ್ದರೆ ಸರ್ವಿಸಸ್ ಪಟ್ಟಿಯಲ್ಲಿ ಮೆಸೆಂಜರನ್ನು ಆಟೋಮ್ಯಾಟಿಕ್ ಮಾಡಿ ಶುರು ಮಾಡಿಕೊಳ್ಳಿ. ಆಗಲೂ 2273 ಎಂಬ ದೋಷ ಬಂದರೆ ಎದುರಿನ ಕಂಪ್ಯೂಟರಿನಲ್ಲಿ ‘ಎನ್‌ಬಿಟಿಸ್ಟ್ಯಾಟ್’ ಕಮಾಂಡನ್ನು, ಅಡ್ಡಗೆರೆ ಹಾಕಿ ಎನ್ ಅಕ್ಷರ ಸೇರಿಸಿ, ಕೊಟ್ಟು ನೋಡಿ. ಹೆಸರಿನ ಮುಂದೆ 03 ಎಂಬ ಸಾಲು ಇಲ್ಲದಿದ್ದರೆ ಅಲ್ಲಿ ಮೆಸೆಂಜರ್ ಎದ್ದಿಲ್ಲ, ಅಥವಾ ಕಂಪ್ಯೂಟರುಗಳನ್ನು ಹೆಸರಿನಿಂದ ಗುರುತಿಸುವ ನೆಟ್‌ಬಯಾಸ್ ಆಫ್ ಆಗಿದೆ ಎಂದೇ ಅರ್ಥ.

ವಿಂಡೋಸ್ 7, 10ರಲ್ಲಿ ಇರುವ ‘ಎಂಎಸ್‌ಜಿ’ ಕಮಾಂಡ್ ನೆಟ್ ಸೆಂಡಿನ ಬದಲಿ ಎಂದು ಹೇಳುವವರಿದ್ದಾರೆ. ಹೋಮ್ ಆವೃತ್ತಿಗಳಲ್ಲಿ ಅದು ಇಲ್ಲವೇ ಇಲ್ಲ. ಪ್ರೊಫೆಷನಲ್‌ನಲ್ಲಿ ಇದ್ದರೂ ಸಂದೇಶ ಪಡೆಯುವ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ಜಾಗ) ಟರ್ಮಿನಲ್ ಸರ್ವರ್ ಕೆಳಗಿನ ‘ಅಲೋ ರಿಮೋಟ್ ಆರ್‌ಪಿಸಿ’ಯನ್ನು 1 ಮಾಡಬೇಕು, ನೆಟ್‌ವರ್ಕಿನಿಂದ ಬರುವುದನ್ನು ತಡೆಯುವ ಫೈರ್‌ವಾಲಿನಲ್ಲಿ 445ನೇ ಪೋರ್ಟ್ (ಮಾಹಿತಿ ಒಳಬರುವ ಬಾಗಿಲಿನ ನಂಬರು) ಬಿಡಬೇಕು, ಎರಡೂ ಕಡೆ ಒಂದೇ ಯೂಸರ್ ಹೆಸರು, ಒಂದೇ ಪಾಸ್‌ವರ್ಡ್ ಇರಬೇಕು. ಖಾಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಐದು ಮೇಜಿನ ಆಫೀಸಿಗೆ ಇದು ಅತಿಯಾಯಿತು.

ಐಪಿ ಮೆಸೆಂಜರಿನಲ್ಲಿ ಈ ತಾಪತ್ರಯ ಇಲ್ಲ. ಪ್ರತಿ ಕಂಪ್ಯೂಟರಿನಲ್ಲೂ ಹಾಕಿ, ಹೆಸರು ಕೊಡಿ, ಗ್ರೂಪ್ ಜಾಗದಲ್ಲಿ ‘ತೂಕ’, ‘ಬಿಲ್’, ‘ಕ್ಯಾಶ್’ ಎಂದು ವಿಭಾಗ ಬರೆಯಿರಿ. ಗಡಿಯಾರದ ಪಕ್ಕದ ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎಲ್ಲರ ಪಟ್ಟಿ ತೆರೆಯುತ್ತದೆ. ಹೊಸ ಆವೃತ್ತಿ ಎಕ್ಸ್‌ಪಿಯಲ್ಲಿ ಏಳದಿದ್ದರೆ ಅದಕ್ಕೆ ಹಳೆಯದನ್ನು ಹಾಕಿ, ಎರಡೂ ಪರಸ್ಪರ ಮಾತಾಡುತ್ತವೆ. ಕಳಿಸುವಾಗ ‘ಸೀಲ್’ ಟಿಕ್ ಮಾಡುವುದನ್ನು ಮಾತ್ರ ಎಲ್ಲರಿಗೂ ರೂಢಿ ಮಾಡಿಸಿ. ಸಂದೇಶ ಮುಚ್ಚಿದ ಲಕೋಟೆಯ ಹಾಗೆ ಹೋಗುತ್ತದೆ. ಎದುರಿನವರು ಅದನ್ನು ತೆರೆದ ಕ್ಷಣ ನಿಮ್ಮ ಪರದೆಯಲ್ಲಿ ‘ತೆರೆದರು’ ಎಂಬ ಸೂಚನೆ ಬರುತ್ತದೆ. ಲಾರಿ ನಿಲ್ಲಿಸಿಕೊಂಡು ಕಾಯುವವರಿಗೆ ಈ ಒಂದು ಸಾಲಿನ ಬೆಲೆ ಗೊತ್ತು.

ಪಟ್ಟಿ ಖಾಲಿ ಬಂದರೆ ಹತ್ತಕ್ಕೆ ಒಂಬತ್ತು ಸಲ ಫೈರ್‌ವಾಲೇ ಕಾರಣ. 2425ನೇ ಪೋರ್ಟನ್ನು ಟಿಸಿಪಿ, ಯುಡಿಪಿ ಎಂಬ ಎರಡೂ ಬಗೆಯ ರವಾನೆಗೆ ಬಿಡಿ, ವಿಂಡೋಸ್ 10ರಲ್ಲಿ ನೆಟ್‌ವರ್ಕ್ ‘ಪಬ್ಲಿಕ್’ ಎಂದಿದ್ದರೆ ‘ಪ್ರೈವೇಟ್’ ಮಾಡಿ. ಅರ್ಧ ಜನ ಮಾತ್ರ ಕಂಡರೆ ಮಹಡಿಯಲ್ಲಿ ಯಾರೋ ಎರಡನೇ ವೈಫೈ ರೌಟರ್ ತಂದು ಅದರ ವ್ಯಾನ್ (ಇಂಟರ್ನೆಟ್ ಬದಿಯ) ಪೋರ್ಟಿಗೆ ಕೇಬಲ್ ಚುಚ್ಚಿರುತ್ತಾರೆ. ಅದರ ಹಿಂದಿನ ಕಂಪ್ಯೂಟರುಗಳು ಬೇರೆಯೇ ನೆಟ್‌ವರ್ಕ್ ಆಗಿಬಿಡುತ್ತವೆ. ಕೇಬಲನ್ನು ಲ್ಯಾನ್ (ಒಳಗಿನ ಬದಿಯ) ಪೋರ್ಟಿಗೆ ಬದಲಿಸಿ, ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆ ರೌಟರಿನಲ್ಲಿ ಆಫ್ ಮಾಡಿ, ಅದರ ವಿಳಾಸ ಮೊದಲ ರೌಟರಿನದ್ದೇ ಆಗದಂತೆ ನೋಡಿಕೊಳ್ಳಿ.

ಹೆಸರುಗಳು ಒಮ್ಮೆ ಬಂದು ಒಮ್ಮೆ ಮಾಯವಾದರೆ ತಂತ್ರಾಂಶವನ್ನು ದೂರಬೇಡಿ. ಕಡಲ ಬದಿಯ ಉಪ್ಪುಗಾಳಿಗೆ ಕೇಬಲ್ ತುದಿಯ ಚಿನ್ನದ ಲೇಪ ಸವೆದ ಕಡೆ ಹಸಿರು ಕಟ್ಟಿರುತ್ತದೆ. ಉಜ್ಜಿ ಪ್ರಯೋಜನವಿಲ್ಲ, ತುದಿ ಕತ್ತರಿಸಿ ಹೊಸ ಆರ್‌ಜೆ45 ಪ್ಲಗ್ ಒತ್ತಿಸಿ. ಇನ್ನೊಂದು: ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ನೇರ ಕರೆಂಟಿಗೆ ಬಿಟ್ಟಿರುತ್ತಾರೆ. ಕರೆಂಟ್ ಹೋದಾಗ ಪರದೆಗಳು ಬೆಳಗುತ್ತಲೇ ಇರುತ್ತವೆ, ಸಂದೇಶ ಒಂದೂ ಹೋಗುವುದಿಲ್ಲ. ಸ್ವಿಚ್ಚಿಗೆ ಬೇಕಾದ ವಿದ್ಯುತ್ ತೀರಾ ಕಡಿಮೆ, ಅದನ್ನೂ ಯುಪಿಎಸ್‌ಗೆ ಸೇರಿಸಿ.

ಕನ್ನಡ ನಡೆಯುತ್ತದೆ, ಯೂನಿಕೋಡ್ ಆಗಿದ್ದರೆ. ‘ನುಡಿ’ ತಂತ್ರಾಂಶದ ಹಳೇ ಆಸ್ಕಿ ಅಕ್ಷರದಲ್ಲಿ ಬರೆದು ಅಂಟಿಸಿದರೆ ಅಲ್ಲಿ ಬರುವುದು ರೋಮನ್ ಗೋಜಲು. ಎಕ್ಸ್‌ಪಿಯಲ್ಲಿ ಒತ್ತಕ್ಷರ ಒಡೆದು ಕಂಡರೆ ರೀಜನಲ್ ಸೆಟ್ಟಿಂಗಿನ ಲ್ಯಾಂಗ್ವೇಜಸ್ ಪುಟದಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಟಿಕ್ ಮಾಡಿ. ಎಕ್ಸ್‌ಪಿ ಸಿಡಿ ಕೇಳಬಹುದು, ಮೊದಲೇ ಹುಡುಕಿಟ್ಟುಕೊಳ್ಳಿ.

ಕೊರತೆಗಳೂ ಇವೆ. ಹಳೆಯ ಆವೃತ್ತಿಗಳಲ್ಲಿ ಎದುರಿನ ಕಂಪ್ಯೂಟರ್ ಆಫ್ ಇದ್ದರೆ ಸಂದೇಶ ಕಾದಿರುವುದಿಲ್ಲ, ಮತ್ತೆ ಕಳಿಸಬೇಕು. ಯಾರು ಬೇಕಾದರೂ ಯಾವ ಹೆಸರನ್ನಾದರೂ ಹಾಕಿಕೊಳ್ಳಬಹುದಾದ್ದರಿಂದ ಬ್ಯಾಂಕಿನ ಪಾಸ್‌ವರ್ಡ್, ಒಟಿಪಿ ಇದರಲ್ಲಿ ಬೇಡವೇ ಬೇಡ. ದರದ ವಿಚಾರ ಓಡಾಡುವ ಆಫೀಸಾದರೆ ಸೆಟ್ಟಿಂಗಿನಲ್ಲಿ ಲಾಗ್ (ಸಂದೇಶಗಳ ದಾಖಲೆ) ಆನ್ ಇದೆಯೇ ನೋಡಿ. ಶಿರಸಿಯ ಮುಖ್ಯ ಆಫೀಸಿನಿಂದ ಕಾರವಾರದ ಶಾಖೆಗೆ ಇದು ಹಾಗೇ ತಲುಪುವುದಿಲ್ಲ, ನಡುವೆ ಎರಡು ನೆಟ್‌ವರ್ಕುಗಳನ್ನು ಇಂಟರ್ನೆಟ್ ಮೂಲಕ ಬೆಸೆಯುವ ವಿಪಿಎನ್ ಬೇಕು. ಅಷ್ಟು ಖರ್ಚು ಮಾಡುವುದಕ್ಕಿಂತ ಶಾಖೆಗೆ ಫೋನ್ ಮಾಡುವುದೇ ಮೇಲು.