ಓಡಿಸುವ ಮೊದಲು ನಿಲ್ಲಿಸಿ ನೋಡುವ ಗ್ಯಾರೇಜು: ಹಳೆಯ ಜೀಪಿನ ತಪಾಸಣೆಯ ಅನುಭವ

ಅಜ್ಜನ ಕಾಲದಲ್ಲಿ ಆಲ್ದೂರಿನ ಕಡೆಯ ನಮ್ಮ ತೋಟಕ್ಕೆ ಬಂದ 1964ರ ಮಹೀಂದ್ರ ಸಿಜೆ-3ಬಿ ಪೆಟ್ರೋಲ್ ಜೀಪು ಹದಿನೆಂಟು ವರ್ಷ ಗೊಬ್ಬರದ ಶೆಡ್ಡಿನಲ್ಲಿ ನಿಂತಿತ್ತು. ಕಳೆದ ವರ್ಷ ಅದನ್ನು ಬೇರೆ ಊರಿನ ಒಂದು ವರ್ಕ್‌ಶಾಪಿಗೆ ಕಳುಹಿಸಿ, ಹನ್ನೊಂದು ತಿಂಗಳು ಕಾದು, ಟಿಂಕರಿಂಗ್, ಪೇಂಟಿಂಗ್, ಎಂಜಿನ್ ಕೆಲಸಗಳನ್ನೆಲ್ಲ ಮಾಡಿಸಿ ಲಾರಿಯಲ್ಲಿ ವಾಪಸು ತರಿಸಿದೆವು. ಎಫ್-ಹೆಡ್ ಎಂಜಿನ್ನಿನ ಎತ್ತರಕ್ಕಾಗಿ ಸಿಜೆ-3ಬಿಗೆ ಕೊಟ್ಟ ಆ ಎತ್ತರದ ಬಾನೆಟ್ಟು ಹೊಸ ಹಸಿರು ಬಣ್ಣದಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಅದೇ ಸಂಜೆ ಕೈಮರದವರೆಗೆ ಹೋಗಿ ಬರೋಣವೆಂದು ಮನೆಯವರೆಲ್ಲ ಹೊರಟು ನಿಂತಿದ್ದರು. ತಡೆದವರು ನಮ್ಮ ತೋಟದ ರೈಟರು. ಚಿಕ್ಕಮಗಳೂರಿನಲ್ಲಿ ಹಳೆಯ ಜೀಪುಗಳನ್ನೇ ನೋಡುವ ಒಬ್ಬ ಮೇಸ್ತ್ರಿ ಇದ್ದಾರೆಂದೂ, ಅವರ ಕೈಗೆ ಒಮ್ಮೆ ಕೊಡದೆ ರಸ್ತೆಗೆ ಇಳಿಸಬಾರದೆಂದೂ ಅವರು ಹಟ ಹಿಡಿದರು. ಆ ಗ್ಯಾರೇಜಿನ ಕೆಲಸವನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಈಗಿರುವ ಜೀಪುಗಳಿಗೇ ಸಮಯ ಸಾಲುತ್ತಿಲ್ಲವಾದ್ದರಿಂದ ಹೆಸರು, ವಿಳಾಸ ಹಾಕಬೇಡಿ ಎಂದು ಮೇಸ್ತ್ರಿಯೇ ಕೇಳಿಕೊಂಡಿದ್ದಾರೆ. ಊರಿನಲ್ಲಿ ಹಳೆಯ ಜೀಪು ಇಟ್ಟುಕೊಂಡಿರುವ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಜಾಗ ದೊಡ್ಡದಲ್ಲ. ಶೀಟಿನ ಮಾಡು, ಒಂದು ಗುಂಡಿ, ಎರಡು ಜಾಕಿ, ಎಣ್ಣೆ ಕುಡಿದು ಕಪ್ಪಾದ ನೆಲ. ವಾಹನವನ್ನು ಮೇಲಕ್ಕೆತ್ತುವ ಲಿಫ್ಟ್ ಇಲ್ಲ, ಕೂರಲು ಕುರ್ಚಿಯೂ ಇಲ್ಲ. ಲಾರಿಯಿಂದ ಇಳಿಸಿದ ಜೀಪನ್ನು ನಾನು ಸ್ಟಾರ್ಟ್ ಮಾಡಿ ಒಳಗೆ ತರಲು ಹೋದಾಗ ಮೇಸ್ತ್ರಿ ಕೀ ಕೇಳಿ ಪಡೆದು ಜೇಬಿಗೆ ಹಾಕಿಕೊಂಡು, ಹುಡುಗರಿಂದ ತಳ್ಳಿಸಿದರು. "ಓಡುತ್ತೋ ಇಲ್ಲವೋ ಆಮೇಲೆ ನೋಡೋಣ ಗೌಡ್ರೇ, ನಿಲ್ಲುತ್ತೋ ಇಲ್ಲವೋ ಮೊದಲು ನೋಡಬೇಕು" ಎಂದರು. ಮುಂದಿನ ಒಂದೂವರೆ ದಿನ ಎಂಜಿನ್ನಿನ ಸದ್ದು ಕೇಳಲೇ ಇಲ್ಲ.

ಬ್ರೇಕಿನ ಮೇಲೆ ಅವರು ಅಷ್ಟು ಹೊತ್ತು ಕಳೆಯಲು ಕಾರಣವಿದೆ. ಈ ಜೀಪುಗಳಲ್ಲಿ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ನಾಲ್ಕಕ್ಕೂ ಎಣ್ಣೆ ಹೋಗುವುದು ಪೆಡಲು ಒತ್ತಿದಾಗ ಎಣ್ಣೆಯನ್ನು ತಳ್ಳುವ ಒಂದೇ ಮಾಸ್ಟರ್ ಸಿಲಿಂಡರಿನಿಂದ, ಒಂದೇ ಸರ್ಕ್ಯೂಟಿನಲ್ಲಿ. ಈಗಿನ ಕಾರುಗಳಲ್ಲಿ ಒಂದು ಕಡೆ ಸೋರಿದರೂ ಉಳಿದ ಅರ್ಧ ಕೆಲಸ ಮಾಡುತ್ತದೆ. ಇದರಲ್ಲಿ ಒಂದು ಹೋಸು ಒಡೆದರೆ ಪೆಡಲು ನೇರ ನೆಲಕ್ಕೆ ಹೋಗುತ್ತದೆ. ಮೇಸ್ತ್ರಿ ಮೊದಲು ಪೆಡಲನ್ನು ಬಲವಾಗಿ ಒತ್ತಿ ಹಿಡಿದು, ಒಂದು ನಿಮಿಷ ಕಾಲು ಕದಲಿಸದೆ ಕುಳಿತರು. ಪೆಡಲು ಇಳಿಯಲಿಲ್ಲ. ನನಗೆ ಸಮಾಧಾನವಾಯಿತು, ಅವರಿಗೆ ಆಗಲಿಲ್ಲ. ಗುಂಡಿಗೆ ಇಳಿದು, ಮುಂದಿನ ಎಡ ಚಕ್ರಕ್ಕೆ ಹೋಗುವ ರಬ್ಬರ್ ಹೋಸನ್ನು ಬೆರಳಿನಿಂದ ಬಗ್ಗಿಸಿ, ಉಗುರಿನಿಂದ ಕೆರೆದರು. ಫಳಫಳ ಹೊಳೆಯುತ್ತಿದ್ದ ಕಪ್ಪು ಬಣ್ಣ ಹಕ್ಕಳೆಯಂತೆ ಎದ್ದು ಬಂತು. ಅದರ ಕೆಳಗೆ ಬೇಸಿಗೆಯ ಗದ್ದೆಯಂತೆ ಬಿರಿದ ಹಳೆಯ ರಬ್ಬರು ಕಂಡಿತು. ಜೀಪನ್ನು ಹೊಸದು ಮಾಡಿದವರು ಹೋಸನ್ನು ಬದಲಿಸಿರಲಿಲ್ಲ, ಷಾಸಿಯ ಜೊತೆಗೆ ಅದಕ್ಕೂ ಬಣ್ಣ ಹೊಡೆದಿದ್ದರು. ಮೂರು ಹೋಸುಗಳದ್ದೂ ಅದೇ ಕತೆ. ಇಂಥ ಹೋಸು ಹೊರಗೆ ಒಡೆಯದಿದ್ದರೂ ಒಳಗಿನ ಪದರ ಊದಿಕೊಂಡು ಎಣ್ಣೆ ಹಿಂತಿರುಗದಂತೆ ಮಾಡುವುದುಂಟೆಂದೂ, ಆಗ ಪೆಡಲು ಬಿಟ್ಟ ಮೇಲೂ ಆ ಚಕ್ರ ಹಿಡಿದೇ ಇದ್ದು ಗಾಡಿ ಒಂದು ಬದಿಗೆ ಎಳೆಯುತ್ತದೆಂದೂ ಮೇಸ್ತ್ರಿ ವಿವರಿಸಿದರು.

ಎರಡನೆಯ ದೋಷ ನನ್ನ ಕಣ್ಣಿಗೆ ಎಂದೂ ಬೀಳುತ್ತಿರಲಿಲ್ಲ. ಬ್ರೇಕ್ ಪೆಡಲಿನಲ್ಲಿ ಕೆಲಸ ಶುರುವಾಗುವ ಮುಂಚೆ ಅರ್ಧ ಇಂಚಿನಷ್ಟು ಸಡಿಲ ಇರಬೇಕು. ನಮ್ಮದರಲ್ಲಿ ಅದು ಒಂದಿಷ್ಟೂ ಇರಲಿಲ್ಲ. ಮೇಲ್ನೋಟಕ್ಕೆ ಇದು ಗಟ್ಟಿ ಬ್ರೇಕಿನ ಲಕ್ಷಣವೆಂದೇ ತೋರುತ್ತದೆ. ಆದರೆ ಸಡಿಲವಿಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಎಣ್ಣೆ ಡಬ್ಬಿಗೆ ವಾಪಸಾಗುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ, ಡ್ರಮ್ಮುಗಳು ಕಾದು ಎಣ್ಣೆ ಹಿಗ್ಗಿದಾಗ ಅದಕ್ಕೆ ಹೋಗಲು ಜಾಗವಿಲ್ಲದೆ ಬ್ರೇಕು ತಾನಾಗಿ ಹಿಡಿದುಕೊಳ್ಳುತ್ತದೆ. ಮುಳ್ಳಯ್ಯನಗಿರಿಯ ಇಳಿಜಾರಿನಲ್ಲಿ ಹೀಗಾಗಿದ್ದರೆ ಏನು ಗತಿ ಎಂದು ಯೋಚಿಸುತ್ತಾ ನಾನು ಹೊರಗೆ ಹೋಗಿ ಒಂದು ಕಾಫಿ ಕುಡಿದು ಬಂದೆ.

ಹ್ಯಾಂಡ್ ಬ್ರೇಕಿನ ಪರೀಕ್ಷೆಯನ್ನು ಗ್ಯಾರೇಜಿನ ಎದುರಿನ ಏರಿನಲ್ಲಿ, ಚಕ್ರಗಳ ಹಿಂದೆ ಕಲ್ಲು ಕೊಟ್ಟು ಮಾಡಿದರು. ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ; ಗೇರ್ ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟಿನ ಮೇಲಿರುವ ಒಂದು ಡ್ರಮ್ಮನ್ನು ಹಿಡಿಯುತ್ತದೆ. ಅಲ್ಲಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಎಂಬ ಕೀಲು ತುಂಡಾದರೆ ಆ ಬ್ರೇಕೂ ಇಲ್ಲ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲಿನಲ್ಲಿದ್ದರೆ, ಗೇರು ಹಾಕಿ ನಿಲ್ಲಿಸಿದ್ದೇನೆಂಬ ಧೈರ್ಯಕ್ಕೂ ಅರ್ಥವಿಲ್ಲ, ಏಕೆಂದರೆ ಆಗ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ.

ಸ್ಟೇರಿಂಗ್ ತಪಾಸಣೆಗೆ ನನ್ನನ್ನೇ ಕೂರಿಸಿದರು. ನಾನು ಸ್ಟೇರಿಂಗ್ ಚಕ್ರವನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಿದ್ದರೆ, ಅವರು ಕೆಳಗೆ ಮಲಗಿ ಒಂದೊಂದು ಜಾಯಿಂಟನ್ನೂ ಕೈಯಲ್ಲಿ ಹಿಡಿದು, ಆಟ ಎಲ್ಲಿದೆ ಎಂದು ಹುಡುಕಿದರು. ಈ ಮಾದರಿಯಲ್ಲಿ ಸ್ಟೇರಿಂಗ್ ಬಾಕ್ಸಿನಿಂದ ಬರುವ ಬಲ ಮಧ್ಯದಲ್ಲಿ ಬೆಲ್ ಕ್ರ್ಯಾಂಕ್ ಎಂಬ ತಿರುಗುಣಿಯ ಮೂಲಕ, ಮುಂದಿನ ಚಕ್ರಗಳನ್ನು ತಿರುಗಿಸುವ ಎರಡು ಟೈ ರಾಡುಗಳಿಗೆ ಹಂಚಿಹೋಗುತ್ತದೆ. ಆ ತಿರುಗುಣಿಯ ಬುಷ್ ಸವೆದರೆ ಉಳಿದುದೆಲ್ಲ ಹೊಸದಾಗಿದ್ದರೂ ಗಾಡಿ ರಸ್ತೆಯಲ್ಲಿ ಅಲೆಯುತ್ತದೆ. ನಮ್ಮದರಲ್ಲಿ ಬುಷ್ ಸರಿಯಿತ್ತು, ಕಿಂಗ್ ಪಿನ್ನೂ ಸರಿಯಿತ್ತು. ಆದರೆ ಬಲಗಡೆಯ ಟೈ ರಾಡ್ ಎಂಡಿನ ನಟ್ಟಿಗೆ, ಅದು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ಹಾಕಿರಲಿಲ್ಲ. ಮೇಸ್ತ್ರಿ ಬೈಯಲಿಲ್ಲ, ಕಾಫಿಪುಡಿಯ ಹಳೆಯ ಡಬ್ಬಿಯಿಂದ ಒಂದು ಪಿನ್ ತೆಗೆದು, ತೂರಿಸಿ, ಎರಡು ಕಾಲನ್ನೂ ಮಡಚಿ, ಬಿಲ್ಲಿನಲ್ಲಿ ಐದು ರೂಪಾಯಿ ಎಂದು ಬರೆದುಕೊಂಡರು.

ಟಯರುಗಳ ವಿಷಯದಲ್ಲಿ ನನಗೆ ಸ್ವಲ್ಪ ನಾಚಿಕೆಯಾಯಿತು. ಗುಂಡಿ ಗುಂಡಿ ಅಚ್ಚಿನ ದಪ್ಪ ಟಯರು ನೋಡಿ ಹೊಸದೇ ಎಂದು ಹಣ ಕೊಟ್ಟಿದ್ದೆ. ಪಕ್ಕದ ಗೋಡೆಯ ಮೇಲೆ 2211 ಎಂಬ ಅಂಕಿ ಇತ್ತು. 2011ರ ಇಪ್ಪತ್ತೆರಡನೆಯ ವಾರದಲ್ಲಿ ತಯಾರಾದದ್ದೆಂದು ಅದರ ಅರ್ಥ. ಉರುಳದೆ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ನಾಲ್ಕನ್ನೂ, ಸ್ಟೆಪ್ನಿಯನ್ನೂ ಬದಲಿಸಿದೆವು. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಅದೇ. ಚಕ್ರ ಬಿಚ್ಚುವಾಗ ಇನ್ನೊಂದು ಸಂಗತಿ ಹೊರಬಿತ್ತು. ಹಳೆಯ ವಿಲ್ಲಿಸ್ ವಿನ್ಯಾಸದ ಜೀಪುಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳಿಗೆ ಎಡಮರೆ ಇರುತ್ತದೆ, ಅಂದರೆ ಬಲಕ್ಕೆ ತಿರುಗಿಸಿದರೆ ಅವು ಬಿಚ್ಚಿಕೊಳ್ಳುತ್ತವೆ. ಇದನ್ನು ತಿಳಿಯದ ಯಾರೋ ಏರ್ ಗನ್ ಹಿಡಿದು ಬಲವಂತ ಮಾಡಿ ಒಂದು ಸ್ಟಡ್ಡಿನ ಮರೆಯನ್ನೇ ಹಾಳು ಮಾಡಿದ್ದರು.

ಬೆಂಕಿಯ ಭಯವನ್ನು ಮೇಸ್ತ್ರಿ ಎರಡನೆಯ ದಿನ ಮಧ್ಯಾಹ್ನಕ್ಕೆ ಎತ್ತಿಕೊಂಡರು. ಈ ಜೀಪಿನ ಪೆಟ್ರೋಲ್ ಟ್ಯಾಂಕು ಇರುವುದು ಚಾಲಕನ ಸೀಟಿನ ಕೆಳಗೆ ಎಂಬುದನ್ನು ನೆನೆದರೆ ಅವರ ಕಾಳಜಿ ಅತಿಯೆನಿಸುವುದಿಲ್ಲ. ಈಗ ಬಂಕುಗಳಲ್ಲಿ ಸಿಗುವ, ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆಯಾದ್ದರಿಂದ ಟ್ಯಾಂಕಿನಿಂದ ಕಾರ್ಬುರೇಟರಿನವರೆಗಿನ ರಬ್ಬರ್ ಪೈಪುಗಳನ್ನೆಲ್ಲ ತೆಗೆಸಿ, ಅದನ್ನು ತಡೆಯುವ ಪೈಪು ಹಾಕಿಸಿದರು. ಬಳಿಕ ಎಂಜಿನ್ ಆಯಿಲಿನ ಕಡ್ಡಿಯನ್ನು ಎಳೆದು ನನ್ನ ಮೂಗಿನ ಹತ್ತಿರ ಹಿಡಿದರು. ಪೆಟ್ರೋಲಿನ ವಾಸನೆ ಬಂದರೆ ಪಂಪಿನ ಡಯಾಫ್ರಾಮ್ ಹರಿದು ಪೆಟ್ರೋಲು ಆಯಿಲಿಗೆ ಇಳಿಯುತ್ತಿದೆ ಎಂದರ್ಥ. ನಮ್ಮದರಲ್ಲಿ ಬರಲಿಲ್ಲ. ಎಂಜಿನ್ನಿಗೂ ಸೀಟುಗಳಿಗೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲಿನ ತೂತಿನಲ್ಲಿ ರಬ್ಬರ್ ಬಳೆಯಿಲ್ಲದೆ ತಗಡಿಗೆ ಉಜ್ಜುತ್ತಿದ್ದ ಒಂದು ವಯರನ್ನು ಸರಿಪಡಿಸಿ, ಬ್ಯಾಟರಿಗೆ ಕಟಾಫ್ ಸ್ವಿಚ್ ಹಾಕಿ, ಬೆಂಕಿ ಆರಿಸುವ ಒಂದು ಸಣ್ಣ ಸಿಲಿಂಡರನ್ನು ಪಕ್ಕದ ಸೀಟಿನ ಬಳಿ ಕಟ್ಟಿಸಿದರು. ಲೈಟು, ಹಾರನ್ನು, ವೈಪರು ಎಲ್ಲ ಹತ್ತು ನಿಮಿಷದ ಕೆಲಸ.

ಮೊದಲ ಓಟ ರಸ್ತೆಯಲ್ಲಿ ಆಗಲಿಲ್ಲ. ಜೀಪನ್ನು ಮತ್ತೆ ಲಾರಿಯಲ್ಲೇ ಮನೆಗೆ ಸಾಗಿಸಿ, ನಮ್ಮ ಕಾಫಿ ಒಣಗಿಸುವ ಕಣದಲ್ಲಿ, ಮೇಸ್ತ್ರಿಯ ಎದುರಿನಲ್ಲಿ, ಇಪ್ಪತ್ತು ಕಿಲೋಮೀಟರ್ ವೇಗಕ್ಕೆ ತಂದು ಪದೇ ಪದೇ ಬ್ರೇಕ್ ಹಾಕಿದೆವು. ಬ್ರೇಕ್ ಶೂಗಳ ಮೇಲಿನ ಉಜ್ಜುವ ಪದರವಾದ ಹೊಸ ಲೈನಿಂಗ್ ಡ್ರಮ್ಮಿಗೆ ಕೂರುವವರೆಗೆ ಗಾಡಿ ಎಡಕ್ಕೆ ವಾಲುತ್ತಿತ್ತು. ಎರಡು ಸಲ ಶೂ ಅಡ್ಜಸ್ಟ್ ಮಾಡಿದ ಮೇಲೆ ನೇರ ನಿಂತಿತು. ಪ್ರತಿ ಸುತ್ತಿನ ನಂತರ ಅವರು ನಾಲ್ಕೂ ಡ್ರಮ್ಮುಗಳ ಹತ್ತಿರ ಅಂಗೈ ಹಿಡಿದು, ಯಾವುದು ಹೆಚ್ಚು ಕಾದಿದೆ ಎಂದು ನೋಡುತ್ತಿದ್ದರು. ಐವತ್ತು ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು, ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡು ಓಡಿಸಬಾರದು, ಹಳ್ಳ ದಾಟಿದ ಕೂಡಲೇ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಡ್ರಮ್ಮನ್ನು ಒಣಗಿಸಿಕೊಳ್ಳಬೇಕು ಎಂಬ ಮೂರು ಮಾತು ಹೇಳಿ ಹೊರಟರು. ಮೂರನೆಯದು ನಮ್ಮ ಕಡೆಯವರಿಗೆ ಹೆಚ್ಚು ಬೇಕಾದದ್ದು.

ಕುಂದುಗಳೂ ಇವೆ. ಎರಡು ದಿನವೆಂದು ಹೇಳಿದ ಕೆಲಸ ಐದು ದಿನ ಹಿಡಿಯಿತು, ಅದರಲ್ಲಿ ಒಂದು ದಿನ ಫೋನು ಎತ್ತಲೇ ಇಲ್ಲ. ಏನೇನು ನೋಡಿದರು, ಏನೇನು ಬದಲಿಸಿದರು ಎಂಬುದಕ್ಕೆ ಬರಹದ ದಾಖಲೆ ಕೊಡುವುದಿಲ್ಲ. ನಾನೇ ಪಕ್ಕದಲ್ಲಿ ನಿಂತು ಬರೆದುಕೊಂಡದ್ದರಿಂದ ಇಷ್ಟು ಬರೆಯಲು ಸಾಧ್ಯವಾಯಿತು. ಸೀಟ್ ಬೆಲ್ಟ್ ಹಾಕಿಕೊಡಿ ಎಂದರೆ ಹಳೆಯ ನೆಲದ ತಗಡಿಗೆ ಬೋಲ್ಟ್ ಹಾಕಿದರೆ ಅದು ನಿಲ್ಲುವುದಿಲ್ಲವೆಂದು ಹೇಳಿ ಕೈಬಿಟ್ಟರು. ಷಾಸಿಗೆ ಆಧಾರ ಕೊಟ್ಟು ಮಾಡಬಹುದಿತ್ತೆಂಬುದು ನನ್ನ ಅಭಿಪ್ರಾಯ, ಇದನ್ನು ಬೇರೆ ಕಡೆ ಮಾಡಿಸಬೇಕಾಗಿದೆ. ಆರ್‌ಟಿಒ ಕಾಗದಪತ್ರಗಳ ಗೊಡವೆಗೆ ಅವರು ಹೋಗುವುದಿಲ್ಲ. ಐವತ್ತು ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯಲ್ಲಿ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲದ ಕಾರಣ, ನಾವು ಹಳೆಯ ನೋಂದಣಿಯನ್ನೇ ನವೀಕರಿಸಿಕೊಂಡೆವು.

ಕೂಲಿ 6,500 ರೂಪಾಯಿ, ಸಾಮಾನುಗಳ ಲೆಕ್ಕ ಬೇರೆ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ; ಆ ಅರ್ಧ ಅಂಕ ಎತ್ತದ ಫೋನಿಗೆ ಹೋಯಿತು. ಐನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ತರಲು ಹೇಳಿದ್ದಾರೆ. ಹೋಗುವವರು ಮೇ ತಿಂಗಳ ಒಳಗೆ ಹೋಗುವುದು ಒಳ್ಳೆಯದು, ಏಕೆಂದರೆ ಮುಂಗಾರು ಹಿಡಿದರೆ ಅವರ ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ.