ಬೀಟಲ್‌ನ ಮುಗ್ಗರಿಕೆಗೆ ಯಾವ ಡಿಸ್ಟ್ರಿಬ್ಯೂಟರ್: 009ಓ, ವ್ಯಾಕ್ಯೂಮಿನದೋ?

ಸಿಗ್ನಲ್ ಹಸಿರಾಗುತ್ತದೆ, ಆಕ್ಸಿಲರೇಟರ್ ಒತ್ತುತ್ತೀರಿ, ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತೆ ಮುಗ್ಗರಿಸಿ ಆಮೇಲೆ ಎದ್ದು ಓಡುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್‌ನ 1600 ಎಂಜಿನ್, ಸೋಲೆಕ್ಸ್ 34 ಪಿಕ್ಟ್-3 ಕಾರ್ಬೊರೇಟರ್ ಇರುವ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯವಾದ ದೂರು. ಎಲ್ಲರೂ ಮೊದಲು ಕಾರ್ಬೊರೇಟರ್ ಬಿಚ್ಚುತ್ತಾರೆ. ಪಾಪ, ಅದರ ತಪ್ಪೇನೂ ಇರುವುದಿಲ್ಲ. ಬಹಳ ಸಲ ಕಾರಣ ಪಕ್ಕದಲ್ಲೇ ಇರುವ ಡಿಸ್ಟ್ರಿಬ್ಯೂಟರ್, ಅಂದರೆ ಸರಿಯಾದ ಹೊತ್ತಿಗೆ ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಭಾಗ.

ಎಂಜಿನ್, ಕಾರ್ಬೊರೇಟರ್, ಕಾಯಿಲ್, ಪ್ಲಗ್ ಯಾವುದನ್ನೂ ಬದಲಿಸದೆ, ಬಾಷ್ 009 ಮತ್ತು ಒಂದೇ ಹೋಸಿನ ವ್ಯಾಕ್ಯೂಮ್ ಡಿಸ್ಟ್ರಿಬ್ಯೂಟರ್ ಎರಡನ್ನೂ ಕೂರಿಸಿ ನೋಡಿದ ಹೋಲಿಕೆ ಇದು. ಹೋಲಿಸುವ ಮುಂಚೆ ಎಂಜಿನ್ ರಾತ್ರಿಯಿಡೀ ತಣ್ಣಗಾಗಿರುವಾಗ ಟ್ಯಾಪೆಟ್ (ವಾಲ್ವ್ ಸಂದು) 0.15 ಮಿಮೀ, ಪಾಯಿಂಟ್ (ಸ್ಪಾರ್ಕಿಗಾಗಿ ಕಾಯಿಲ್‌ನ ಕರೆಂಟ್ ಕಡಿಯುವ ಸ್ವಿಚ್ಚು) ಗ್ಯಾಪ್ 0.4 ಮಿಮೀ, ಪ್ಲಗ್ ಗ್ಯಾಪ್ 0.7 ಮಿಮೀ ಇಟ್ಟುಕೊಳ್ಳಿ. ಈ ಮೂರು ಸರಿಯಿಲ್ಲದಿದ್ದರೆ ಯಾವ ಡಿಸ್ಟ್ರಿಬ್ಯೂಟರ್ ಹಾಕಿದರೂ ಕುರುಡಾಟವೇ.

009ರ ಒಳಗೆ ಇರುವುದು ತೂಕದ ತುಂಡುಗಳು ಮತ್ತು ಸ್ಪ್ರಿಂಗ್ ಮಾತ್ರ. ಎಂಜಿನ್ ವೇಗ ಹೆಚ್ಚಿದಂತೆ ತೂಕಗಳು ಹೊರಕ್ಕೆ ಚಾಚಿ ಸ್ಪಾರ್ಕನ್ನು ಮುಂಚೆ ಬರಿಸುತ್ತವೆ. ಅದಕ್ಕೆ ವೇಗ ಗೊತ್ತು, ನಿಮ್ಮ ಕಾಲು ಆಕ್ಸಿಲರೇಟರ್ ಮೇಲೆ ಎಷ್ಟು ಒತ್ತಿದೆ ಎಂಬುದು ಗೊತ್ತಿಲ್ಲ. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ಕಾರ್ಬೊರೇಟರಿನಲ್ಲಿ ತೆರೆಯುವ ತಟ್ಟೆ) ಸ್ವಲ್ಪವೇ ತೆರೆದಾಗ ಸಿಲಿಂಡರಿಗೆ ಹೋಗುವ ಮಿಶ್ರಣ ಕಡಿಮೆ, ಅದು ನಿಧಾನ ಉರಿಯುತ್ತದೆ, ಹಾಗಾಗಿ ಸ್ಪಾರ್ಕ್ ಬೇಗ ಬರಬೇಕು. ವ್ಯಾಕ್ಯೂಮ್ ಡಿಸ್ಟ್ರಿಬ್ಯೂಟರ್ ಈ ಕೆಲಸ ತಕ್ಷಣ ಮಾಡುತ್ತದೆ: ಥ್ರಾಟಲ್ ತಟ್ಟೆ ಕೂದಲೆಳೆಯಷ್ಟು ಸರಿದರೆ ಸಾಕು, ಅದರ ಪಕ್ಕದ ತೂತಿಗೆ ಎಳೆತ ಸಿಕ್ಕಿ ಡಯಾಫ್ರಮ್ ಪಾಯಿಂಟ್ ತಟ್ಟೆಯನ್ನು ಎಳೆಯುತ್ತದೆ. 34 ಪಿಕ್ಟ್-3ರ ಜೆಟ್‌ಗಳ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತುಗಳ) ಲೆಕ್ಕ ಈ ಏರ್ಪಾಟನ್ನು ನಂಬಿಕೊಂಡೇ ಇದೆ. 009 ಹಾಕಿದಾಗ ಮುಗ್ಗರಿಸುವುದು ಅದಕ್ಕೇ.

ಮುಗ್ಗರಿಕೆ ಮುಚ್ಚಲು ಐಡಲ್ ಜೆಟ್ 55ರಿಂದ 60ಕ್ಕೋ 65ಕ್ಕೋ ಏರಿಸುವುದು, ಆಕ್ಸಿಲರೇಟರ್ ಪಂಪಿನ ಪೆಟ್ರೋಲ್ ಹೆಚ್ಚಿಸುವುದು ರೂಢಿ. ಮುಗ್ಗರಿಕೆ ಕಡಿಮೆಯಾಗುತ್ತದೆ ನಿಜ, ಆದರೆ ಪ್ಲಗ್ ಕಪ್ಪಾಗುತ್ತದೆ, ಪೆಟ್ರೋಲ್ ಸುಮ್ಮನೆ ಹೋಗುತ್ತದೆ. 009 ತೆಗೆದು ವ್ಯಾಕ್ಯೂಮಿನದು ಹಾಕಿ ಜೆಟ್ ಹಳೆಯ ಅಳತೆಗೇ ತಂದರೆ ಗಾಡಿ ಮೆತ್ತಗೆ ಎದ್ದು ಹೊರಡುತ್ತದೆ. ಫುಲ್ ಆಕ್ಸಿಲರೇಟರ್ ಕೊಟ್ಟು ಓಡಿಸುವಾಗ ಮಾತ್ರ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಆಗ ವ್ಯಾಕ್ಯೂಮ್ ಇರುವುದೇ ಇಲ್ಲವಲ್ಲ. ಎರಡು ಕಾರ್ಬೊರೇಟರ್ ಕೂರಿಸಿದ, ವ್ಯಾಕ್ಯೂಮ್ ತೂತೇ ಇಲ್ಲದ ಎಂಜಿನ್‌ಗೆ 009 ಇವತ್ತಿಗೂ ಒಳ್ಳೆಯ ಆಯ್ಕೆ.

ಟೈಮಿಂಗ್ (ಸ್ಪಾರ್ಕ್ ಬರುವ ಹೊತ್ತು) ಇಡುವ ಕ್ರಮ ಎರಡಕ್ಕೂ ಬೇರೆ. ವ್ಯಾಕ್ಯೂಮಿನದಕ್ಕೆ ಹೋಸ್ ಕಿತ್ತು, ಅದರ ಬಾಯಿಗೆ ಬೋಲ್ಟ್ ತುರುಕಿ, 850-900 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ಟಿಡಿಸಿಗಿಂತ (ಪಿಸ್ಟನ್ ತೀರಾ ಮೇಲಿರುವ ಸ್ಥಾನಕ್ಕಿಂತ) 7.5 ಡಿಗ್ರಿ ಮುಂಚೆ. 009ಕ್ಕೆ ಐಡ್ಲಿಂಗ್ ನೋಡಬೇಡಿ. 3,500 ಆರ್‌ಪಿಎಂ ಹತ್ತಿರ ಹಿಡಿದು 28ರಿಂದ 30 ಡಿಗ್ರಿಗೆ ನಿಲ್ಲಿಸಿ, ಐಡ್ಲಿಂಗ್‌ನಲ್ಲಿ ಎಷ್ಟು ಬರುತ್ತದೋ ಬರಲಿ. 32 ದಾಟಬಾರದು. ಅಲ್ಲಿಂದ ಮುಂದೆ ನಾಕಿಂಗ್ (ಮಿಶ್ರಣ ಹೊತ್ತಲ್ಲದ ಹೊತ್ತಿಗೆ ಸಿಡಿದು ಬಡಿಯುವುದು) ಶುರುವಾದರೆ ಫ್ಯಾನಿನ ಗದ್ದಲದಲ್ಲಿ ಅದು ಕಿವಿಗೇ ಬೀಳುವುದಿಲ್ಲ, ಗಾಳಿಯಿಂದ ತಣಿಯುವ ಹೆಡ್ಡು ಸದ್ದಿಲ್ಲದೆ ಬೇಯುತ್ತದೆ.

ಪುಲ್ಲಿಯಲ್ಲಿ ಡಿಗ್ರಿ ಗುರುತಿಲ್ಲದಿದ್ದರೆ ನೀವೇ ಹಾಕಿಕೊಳ್ಳಬಹುದು. ಅಂಚಿನ ಸುತ್ತ ಟೇಪ್ ಹಿಡಿದು ಸುತ್ತಳತೆ ಅಳೆದು 360ರಿಂದ ಭಾಗಿಸಿ. 540 ಮಿಮೀ ಬಂದರೆ ಡಿಗ್ರಿಗೆ 1.5 ಮಿಮೀ. ಟಿಡಿಸಿ ಗುರುತಿನಿಂದ ಬಲಕ್ಕೆ, ಅಂಚಿನ ಗುಂಟ, 11 ಮಿಮೀಗೆ ಒಂದು ಬಿಳಿ ಗೆರೆ (7.5 ಡಿಗ್ರಿ), 45 ಮಿಮೀಗೆ ಇನ್ನೊಂದು (30 ಡಿಗ್ರಿ).

ವ್ಯಾಕ್ಯೂಮಿನದರ ದೌರ್ಬಲ್ಯ ಡಯಾಫ್ರಮ್. ಹಳೆಯದನ್ನು ಕೊಳ್ಳುವ ಮುಂಚೆ ಮುಚ್ಚಳ ತೆಗೆದು, ಹೋಸ್ ಬಾಯಲ್ಲಿಟ್ಟು ಎಳೆಯಿರಿ. ಒಳಗಿನ ತಟ್ಟೆ ಸರಿಯಬೇಕು. ನಾಲಿಗೆಯಿಂದ ಹೋಸ್ ಮುಚ್ಚಿ ಹಿಡಿದರೆ ಸರಿದಲ್ಲೇ ನಿಲ್ಲಬೇಕು. ಮೆಲ್ಲಗೆ ವಾಪಸ್ ಬಂದರೆ ಡಯಾಫ್ರಮ್ ಹರಿದಿದೆ.

ಇನ್ನೊಂದು ಲಕ್ಷಣ: ಐಡ್ಲಿಂಗ್‌ನಲ್ಲಿ ಹೋಸ್ ಸಿಕ್ಕಿಸಿದ ಕೂಡಲೇ ಟೈಮಿಂಗ್ ಜಿಗಿದರೆ ಡಿಸ್ಟ್ರಿಬ್ಯೂಟರನ್ನು ಬೈಯಬೇಡಿ. ಯಾರೋ ಥ್ರಾಟಲ್ ಕೈಯ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸಿದ್ದಾರೆ, ತಟ್ಟೆ ಆಗಲೇ ತೂತು ದಾಟಿ ತೆರೆದಿದೆ. ಈ ಕಾರ್ಬೊರೇಟರಿನಲ್ಲಿ ಐಡ್ಲಿಂಗ್ ಇಡುವುದು ಎಡಬದಿಯ ದೊಡ್ಡ ಬೈಪಾಸ್ ಸ್ಕ್ರೂನಿಂದ. ಎರಡು ಹೋಸಿನ ಮೂಲ ಡಿಸ್ಟ್ರಿಬ್ಯೂಟರ್ ತೆಗೆದು ಒಂದು ಹೋಸಿನದು ಹಾಕಿದ್ದರೆ, ಉಳಿದ ನಿಪ್ಪಲ್ಲನ್ನು ರಬ್ಬರ್ ಟೋಪಿಯಿಂದ ಮುಚ್ಚಲೇಬೇಕು. ಬಿಟ್ಟರೆ ಗಾಳಿ ಎಳೆದು ಐಡ್ಲಿಂಗ್ ಏರಿಳಿಯುತ್ತದೆ.

ಬದಲಿಸುವುದು ಅರ್ಧ ಗಂಟೆಯ ಕೆಲಸ. ರೋಟರ್ (ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತಿರುಗುವ ಕೈ) ಮೊದಲ ಸಿಲಿಂಡರಿನ ಗೀರಿಗೆ ನೇರವಾಗುವಂತೆ ಪುಲ್ಲಿ ತಿರುಗಿಸಿ, ಬ್ಯಾಟರಿ ತಂತಿ ತೆಗೆದು, ಕ್ಲಾಂಪ್ ಸಡಿಲಿಸಿ ಎತ್ತಿ. ಕೆಳತುದಿ ಒಂದೇ ದಿಕ್ಕಿನಲ್ಲಿ ಕೂರುವಂತಿದೆ, ತಪ್ಪಾಗಲು ಸಾಧ್ಯವಿಲ್ಲ. ಹೆದರಬೇಕಾದದ್ದು ಡ್ರೈವ್ ಪಿನಿಯನ್ ಮೇಲೆ ಕೂತಿರುವ ಸಣ್ಣ ಸ್ಪ್ರಿಂಗ್‌ಗೆ. ಡಿಸ್ಟ್ರಿಬ್ಯೂಟರಿನ ಗ್ರೀಸಿಗೆ ಅಂಟಿ ಮೇಲೆ ಬಂದು ತೂತಿಗೆ ಜಾರಿದರೆ ಕ್ರ್ಯಾಂಕ್‌ಕೇಸ್ ಸೇರುತ್ತದೆ. ಡಿಸ್ಟ್ರಿಬ್ಯೂಟರ್ ಹೊರಬಂದ ಕೂಡಲೇ ತೂತಿಗೆ ಬಟ್ಟೆ ತುರುಕಿ.

ಇನ್ನು ಪಾಯಿಂಟೋ, ಅದರ ಬದಲು ಕೂರುವ ಎಲೆಕ್ಟ್ರಾನಿಕ್ ಮಾಡ್ಯೂಲೋ? ಪಾಯಿಂಟಿನ ಒರೆಸುವ ತುದಿ ಸವೆದಂತೆ ಗ್ಯಾಪ್ ಕಿರಿದಾಗಿ ಟೈಮಿಂಗ್ ಹಿಂದೆ ಬೀಳುತ್ತದೆ. ಕ್ಯಾಮ್‌ಗೆ ಕಡಲೆಕಾಳಿನ ಅರ್ಧದಷ್ಟು ಗ್ರೀಸ್ ಸವರಿ, 5,000 ಕಿಮೀಗೊಮ್ಮೆ ಫೀಲರ್ ಗೇಜ್ ಹಾಕಿದರೆ ಸಾಕು. ಮಾಡ್ಯೂಲ್‌ಗೆ ಈ ರಗಳೆಯಿಲ್ಲ, ಟೈಮಿಂಗ್ ಇಟ್ಟಲ್ಲೇ ಇರುತ್ತದೆ. ಆದರೆ ಎಂಜಿನ್ ನಿಲ್ಲಿಸಿ ಕೀ ಆನ್ ಬಿಟ್ಟರೆ, ತಂತಿ ತಿರುವುಮುರುವಾದರೆ, ಕಾಯಿಲ್‌ನ ಪ್ರೈಮರಿ 3 ಓಮ್‌ಗಿಂತ ಕಡಿಮೆಯಿದ್ದರೆ ಸುಟ್ಟುಹೋಗಬಹುದು. ಪಾಯಿಂಟ್ ಕೆಡುವ ಮುಂಚೆ ಮಿಸ್ಸಿಂಗ್ ಹೊಡೆದು ಹೇಳುತ್ತದೆ, ಮಾಡ್ಯೂಲ್ ಹೇಳದೆ ಕೇಳದೆ ನಿಂತುಬಿಡುತ್ತದೆ. ನಮ್ಮ ಆಯ್ಕೆ ಮಾಡ್ಯೂಲ್, ಜೊತೆಗೆ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಒಂದು ಪಾಯಿಂಟ್, ಒಂದು ಕಂಡೆನ್ಸರ್, ಫೀಲರ್ ಗೇಜ್.

ಎಂಜಿನ್ ಮುಚ್ಚಳ ಹಾಕುವ ಮುಂಚೆ ಕಾರ್ಬೊರೇಟರಿಗೆ ಪೆಟ್ರೋಲ್ ಬರುವ ಹಿತ್ತಾಳೆ ಕೊಳವೆಯನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ. ಅದು ಬರೀ ಒತ್ತಿ ಕೂರಿಸಿದ್ದು. ಸಡಿಲವಾಗಿ ಕಳಚಿದರೆ ಪೆಟ್ರೋಲ್ ಸುರಿಯುವುದು ಡಿಸ್ಟ್ರಿಬ್ಯೂಟರ್ ಮೇಲೆಯೇ, ಬೀಟಲ್‌ಗಳು ಎಷ್ಟೋ ಸಲ ಹೊತ್ತಿ ಉರಿಯುವುದು ಹೀಗೇ. ಸಡಿಲವಿದ್ದರೆ ಕಿತ್ತು, ಹೊಸದನ್ನು ಬಿಗಿಯಾಗಿ ಕೂರಿಸಿ. ಎಥೆನಾಲ್ ಬೆರೆತ ಪೆಟ್ರೋಲಿಗೆ ತಾಳುವ 5 ಮಿಮೀ ಹೋಸನ್ನೂ ಆಗಲೇ ಹಾಕಿ, ಎರಡೂ ತುದಿಗೆ ಕ್ಲಿಪ್ ಬಿಗಿಯಿರಿ.