ಬೆಳಕಿನ ಕಿಟ್: ಕಪ್ಪು ಕೊಳವೆಗೆ ಪೂರ್ತಿ ಅಂಕ, ಪುಸ್ತಕಕ್ಕೆ ಅರ್ಧ

ನಾನು ಟೈಲರ್, ಸೈನ್ಸ್ ಟೀಚರ್ ಅಲ್ಲ. ಅಕ್ಕನ ಮಗ ಏಳನೇ ಕ್ಲಾಸು. ಬೆಳಕು, ಅಲೆ, ತರಂಗಾಂತರ (ಒಂದು ಅಲೆಯ ಉದ್ದ) ಯಾವುದೂ ತಲೆಗೆ ಹತ್ತುತ್ತಿಲ್ಲ ಅಂತ ಅಳುಮೋರೆ ಹಾಕಿದ್ದಕ್ಕೆ ಅವನ ವಯಸ್ಸಿನವರಿಗೆ ಅಂತಲೇ ಮಾಡಿರುವ ಈ ಕಿಟ್ ತರಿಸಿಕೊಟ್ಟೆ. ಒಂದು ತಿಂಗಳಿಂದ ನನ್ನ ಕಟಿಂಗ್ ಟೇಬಲ್ಲೇ ಪ್ರಯೋಗಶಾಲೆ. ತಗೊಳ್ಳೋಣ ಅಂತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಡಬ್ಬದಲ್ಲಿ ಒಂದು ಪ್ಲಾಸ್ಟಿಕ್ ಪ್ರಿಸಂ, ಥರ್ಮಾಮೀಟರು, ಎರಡು ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಿನಲ್ಲಿ ಅಲುಗುವ ಬೆಳಕನ್ನು ಮಾತ್ರ ಬಿಡುವಂಥವು), ಬಿಸಿಲಿಗೆ ಬಣ್ಣ ಬದಲಿಸುವ ಮಣಿಗಳು, ಚಿಕ್ಕ ಕೆಂಪು ಲೇಸರು, ಒತ್ತೊತ್ತಾಗಿ ಸಣ್ಣ ಗೆರೆ ಎಳೆದ ಗ್ರೇಟಿಂಗ್ ಹಾಳೆ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪ್ ಅನ್ನುವ ಕಪ್ಪು ಕೊಳವೆ, ಜೊತೆಗೊಂದು ತೆಳು ಪುಸ್ತಕ ಇದೆ.

ಮೊದಲು ಕೊಳವೆ ವಿಷಯ. ನೋಡೋಕೆ ಏನೂ ಇಲ್ಲ, ಬರೀ ರಟ್ಟು. ಒಂದು ತುದಿಯಲ್ಲಿ ಸಣ್ಣ ಸೀಳು, ಇನ್ನೊಂದು ತುದಿಯಲ್ಲಿ ಗ್ರೇಟಿಂಗ್ ತುಂಡು. ಹುಡುಗ ಅದನ್ನು ನನ್ನ ಮಿಷನ್ ಮೇಲಿನ ಹಳೇ ಸಿಎಫ್‌ಎಲ್ ದೀಪಕ್ಕೆ ಹಿಡಿದು, "ಚಿಕ್ಕಮ್ಮ, ಈ ಕಾಮನಬಿಲ್ಲು ಹರಿದುಹೋಗಿದೆ" ಅಂದ. ನಾನೂ ನೋಡಿದೆ. ನಿಜ. ಒಂದು ನೇರಳೆ ಪಟ್ಟಿ, ಒಂದು ಚೂಪಾದ ಹಸಿರು, ಆಮೇಲೆ ಕಿತ್ತಳೆ, ಕೆಂಪು. ನಡುನಡುವೆ ಕತ್ತಲು. ಬಿಸಿಲು ಬಿದ್ದ ಬಿಳಿ ಗೋಡೆಗೆ ಹಿಡಿದರೆ ಎಲ್ಲೂ ತೂತಿಲ್ಲ, ಒಂದೇ ಸಮ ಹರಡಿದ ಬಣ್ಣ. ಎಲ್‌ಇಡಿ ಬಲ್ಬಿಗೆ ಹಿಡಿದರೆ ನೀಲಿ ಜೋರು, ಪಕ್ಕದಲ್ಲಿ ಒಂದು ಮಸುಕು ಜಾಗ, ಆಮೇಲೆ ಹಸಿರಿನಿಂದ ಕೆಂಪಿನವರೆಗೆ ಅಗಲವಾಗಿ ಉಳಿದದ್ದು. ಬಿಳಿ ಎಲ್‌ಇಡಿ ಅಂದರೆ ಒಳಗೆ ಇರುವುದು ನೀಲಿ ಎಲ್‌ಇಡಿಯೇ. ಮೇಲೆ ಬಳಿದ ಹಳದಿ ಪುಡಿ ಉಳಿದ ಬಣ್ಣ ಕೊಡುತ್ತದೆ.

ಇದನ್ನು ನೋಡಿ ನಾನು ಹೊಲಿಗೆ ಬಿಟ್ಟು ಕೂತುಬಿಟ್ಟೆ. ಯಾಕೆ ಗೊತ್ತಾ? ರಾತ್ರಿ ದೀಪದಡಿ ಬಟ್ಟೆಗೆ ದಾರ ಹೊಂದಿಸುತ್ತೇನೆ. ಒಂಚೂರೂ ವ್ಯತ್ಯಾಸ ಕಾಣಲ್ಲ. ಬೆಳಿಗ್ಗೆ ಗಿರಾಕಿ ಹೊರಗೆ ಹಿಡಿದು ನೋಡಿದರೆ ಬಟ್ಟೆ ಒಂದು ಹಸಿರು, ದಾರ ಇನ್ನೊಂದು ಹಸಿರು. ಎಷ್ಟು ಸಲ ಬಿಚ್ಚಿ ಹೊಲಿದಿದ್ದೇನೋ. ಕಣ್ಣು ಮಂದ ಆಯ್ತೇನೋ ಅಂದುಕೊಂಡಿದ್ದೆ. ತಪ್ಪು ಕಣ್ಣಿನದಲ್ಲ. ಬಟ್ಟೆಗೆ ಹಾಕಿದ ಡೈ ಬೇರೆ, ದಾರಕ್ಕೆ ಹಾಕಿದ ಡೈ ಬೇರೆ. ದೀಪದಲ್ಲಿ ಇಲ್ಲದ ಬಣ್ಣವನ್ನು ಬಟ್ಟೆ ತಿರುಗಿ ಕೊಡೋಕೆ ಆಗಲ್ಲ. ಹಾಗಾಗಿ ಹರಿದ ಬೆಳಕಿನಲ್ಲಿ ಎರಡೂ ಒಂದೇ ಥರ ಕಂಡವು, ಬಿಸಿಲು ಬಂದು ಬೇರೆ ಮಾಡಿತು. ಇಡೀ ಕಿಟ್‌ನಲ್ಲಿ ಈ ಕೊಳವೆ ಒಂದೇ ಇದ್ದಿದ್ದರೂ ನನಗೆ ಸಾಕಾಗಿತ್ತು.

ಒಂದು ಸಿಟ್ಟಿನ ಮಾತು. ಕೊಳವೆಯನ್ನು ನೇರ ಸೂರ್ಯನಿಗೆ ಹಿಡಿದು ನೋಡಲೇಬಾರದು, ಕಣ್ಣು ಹೋಗುತ್ತದೆ. ಇದನ್ನು ಪುಸ್ತಕದ ಕೊನೇ ಪುಟದಲ್ಲಿ ಇರುವೆ ಅಕ್ಷರದಲ್ಲಿ ಹಾಕಿದ್ದಾರೆ. ಕೊಳವೆ ಮೇಲೇ ದಪ್ಪಗೆ ಬರೆಯಬೇಕಿತ್ತು. ನಾನು ಮಾರ್ಕರ್‌ನಲ್ಲಿ ಬರೆದೆ.

ಪ್ರಿಸಂ ಸುಮಾರು. ಥರ್ಮಾಮೀಟರ್ ಪ್ರಯೋಗವಂತೂ ಕೈಕೊಟ್ಟಿತು. 1800ರಲ್ಲಿ ಹರ್ಷೆಲ್ ಅನ್ನುವ ಖಗೋಳ ವಿಜ್ಞಾನಿ ಬಣ್ಣಗಳ ಪಟ್ಟಿಯಲ್ಲಿ ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟಾಗ ಅದು ಜಾಸ್ತಿ ಏರಿತು. ಅವಕೆಂಪು (ಇನ್‌ಫ್ರಾರೆಡ್), ಅಂದರೆ ಕೆಂಪಿನಾಚೆಯ ಕಾಣದ ಬೆಳಕು, ಸಿಕ್ಕಿದ್ದು ಹಾಗೆ. ನಮ್ಮದು ಅರ್ಧ ಗಂಟೆ ಕಾದರೂ ಒಂದು ಗೆರೆ ಅಲ್ಲಾಡಲಿಲ್ಲ. ಇಷ್ಟು ಚಿಕ್ಕ ಪ್ರಿಸಂನಿಂದ ಎಷ್ಟು ಶಾಖ ಬಂದೀತು? ಟಿವಿ ರಿಮೋಟ್ ಬಿಡುವುದೂ ಅವಕೆಂಪೇ, ಹಾಗಾಗಿ ಬದಲಿಗೆ ಅದರ ತುದಿಯನ್ನು ಫೋನಿನ ಮುಂದಿನ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿದೆವು. ಕಣ್ಣಿಗೆ ಕಾಣದ್ದು ಪರದೆಯಲ್ಲಿ ತಿಳಿ ನೇರಳೆಯಾಗಿ ಮಿಣುಕಿತು. ಹಿಂದಿನ ಕ್ಯಾಮೆರಾದಲ್ಲಿ ಕಾಣಲಿಲ್ಲ, ಅದರೊಳಗಿನ ಫಿಲ್ಟರ್ ತಡೆಯುತ್ತದೆ.

ಮಣಿಗಳು ಚೆನ್ನಾಗಿವೆ. ಬಲ್ಬಿನಡಿ ಬಿಳಿ, ಬಿಸಿಲಿಗೆ ಇಟ್ಟ ಕೂಡಲೇ ನೇರಳೆ. ನೆರಳಲ್ಲಿ ಇಟ್ಟರೂ ಬಣ್ಣ ಬಂತು! ಮಣಿಗೆ ಬಣ್ಣ ಬರಿಸುವ ನೇರಳಾತೀತ ಕಿರಣ (ಯುವಿ) ಆಕಾಶದಿಂದಲೂ ಚೆದುರಿ ಬರುತ್ತದಲ್ವಾ.

ಪೋಲರಾಯ್ಡ್ ಎರಡೇ ಕೊಟ್ಟಿದ್ದು ಜಿಪುಣತನ. ಒಂದರ ಮೇಲೊಂದು ಅಡ್ಡಡ್ಡ ಇಟ್ಟರೆ ಪೂರ್ತಿ ಕಪ್ಪು. ಅಸಲಿ ಮಜಾ ಇರುವುದು ಮೂರನೆಯದರಲ್ಲಿ. ಕತ್ತರಿ ಕೈಯಲ್ಲೇ ಇತ್ತು. ಒಂದು ಹಾಳೆಯ ಮೂಲೆ ಕತ್ತರಿಸಿ, ಎರಡರ ನಡುವೆ ಓರೆಯಾಗಿ, ನಾವು ಕ್ರಾಸ್ ಪೀಸ್ ಇಡುತ್ತೇವಲ್ಲ ಹಾಗೆ, ತೂರಿಸಿದೆ. ಕಪ್ಪಿನ ನಡುವೆ ಬೆಳಕು ಬಂತು. ಮಧ್ಯೆ ಇನ್ನೊಂದು ತಡೆ ಇಟ್ಟರೆ ಬೆಳಕು ಜಾಸ್ತಿ ಆಗುತ್ತೆ ಅಂದರೆ ಯಾರು ನಂಬುತ್ತಾರೆ? ಹುಡುಗ ಹತ್ತು ಸಲ ಮಾಡಿಸಿದ.

ಲೇಸರಿನಲ್ಲಿ ಅಲೆಯನ್ನು ಅಳೆಯಬಹುದು, ನನ್ನ ಟೇಪಿನಲ್ಲೇ. ಗ್ರೇಟಿಂಗ್‌ನಲ್ಲಿ ಮಿಲಿಮೀಟರಿಗೆ 500 ಗೆರೆ. ಗೋಡೆಯಿಂದ 100 ಸೆಂಟಿಮೀಟರ್ ದೂರ ಇಟ್ಟೆವು. ನಡುವಿನ ಚುಕ್ಕೆಯಿಂದ ಪಕ್ಕದ ಚುಕ್ಕೆಗೆ 34 ಸೆಂಟಿಮೀಟರ್. ಲೆಕ್ಕ ಹಾಕಿದರೆ ಅಲೆಯ ಉದ್ದ 644 ನ್ಯಾನೊಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್). ಲೇಸರ್ ಮೇಲಿನ ಚೀಟಿಯಲ್ಲಿ 650 ಅಂತಿದೆ. ಬಟ್ಟೆ ಅಳೆಯುವ ಟೇಪಿಗೆ ಇಷ್ಟು ಸಾಕಪ್ಪ!

ಪುಸ್ತಕಕ್ಕೆ ಬರೋಣ. ಬೆಳಕು ವಿದ್ಯುತ್ಕಾಂತ ಅಲೆ ಅಂತ ಹೇಳಿದ ಮ್ಯಾಕ್ಸ್‌ವೆಲ್‌ಗೆ ಒಂದು ಪುಟ, ಅಂಥ ಅಲೆ ಮಾಡಿ ತೋರಿಸಿದ ಹರ್ಟ್ಸ್‌ಗೆ ಒಂದು ಪುಟ, ಗಡ್ಡದ ಚಿತ್ರ ಸಮೇತ. ಆದರೆ ಬೆಳಕನ್ನು ಹಾವಿನ ಥರ ಅಂಕುಡೊಂಕು ಗೆರೆಯಾಗಿ ಬರೆದು ಸುಮ್ಮನಾಗಿದ್ದಾರೆ. "ಲೇಸರ್ ನೆಟ್ಟಗೆ ಹೋಗ್ತಿದೆಯಲ್ಲ ಚಿಕ್ಕಮ್ಮ, ಮತ್ತೆ ಈ ಹಾವು?" ಅಂತ ಕೇಳಿದ. ನನಗೆ ಎರಡು ದಿನ ಉತ್ತರ ಹೊಳೆಯಲಿಲ್ಲ. ಆ ಗೆರೆ ಬೆಳಕು ನಡೆಯುವ ದಾರಿ ಅಲ್ಲ. ಬೆಳಕಿನೊಳಗಿನ ವಿದ್ಯುತ್ ಕ್ಷೇತ್ರ ಏರಿ, ಇಳಿದು, ಉಲ್ಟಾ ತಿರುಗುವುದರ ನಕ್ಷೆ ಅದು. ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು.

ರೇಡಿಯೊ ಅಲೆಯಿಂದ ಗಾಮಾ ಕಿರಣದವರೆಗಿನ ಪಟ್ಟಿಯೂ ಹಾಗೇ. ಏಳು ಖಾನೆ, ಏಳೂ ಒಂದೇ ಅಗಲ. ಕಣ್ಣಿಗೆ ಕಾಣುವ ಬೆಳಕು ಅಷ್ಟು ಅಗಲವಾ? ನಾನು ಟೇಪ್ ಹಿಡಿದು ಹೇಳಿಕೊಟ್ಟೆ. ಮೈಕ್ರೋವೇವ್ ಒಲೆಯ ಅಲೆ ಸುಮಾರು 12.2 ಸೆಂಟಿಮೀಟರ್ ಉದ್ದ. ಅಷ್ಟು ಟೇಪನ್ನು ಅರ್ಧಕ್ಕೆ ಮಡಚು, ಮತ್ತೆ ಅರ್ಧಕ್ಕೆ ಮಡಚು. ಕೈಗೆ ಆಗದಾಗ ಕ್ಯಾಲ್ಕುಲೇಟರ್ ತಗೋ. 17ನೇ ಸಲಕ್ಕೆ 931 ನ್ಯಾನೊಮೀಟರ್, ಹೆಚ್ಚುಕಡಿಮೆ ಟಿವಿ ರಿಮೋಟಿನ ಬೆಳಕು. ಇನ್ನೊಂದೇ ಮಡಿಕೆಗೆ 465, ಅಂದರೆ ನೀಲಿ. ಕೆಂಪು, ಹಳದಿ, ಹಸಿರು ಎಲ್ಲ ಆ ಒಂದು ಮಡಿಕೆಯೊಳಗೇ ದಾಟಿಹೋದವು. ಹುಡುಗ ಇನ್ನೂ ಮಡಚುತ್ತಾ ಎಕ್ಸ್-ರೇವರೆಗೆ ಹೋದ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಜೊತೆಗೆ ಕೂರುವ ದೊಡ್ಡವರು ಯಾರಾದರೂ ಇದ್ದರೆ ತಗೊಳ್ಳಿ, ಬರೀ ಪುಸ್ತಕ ನಂಬಿ ಮಗುವಿನ ಕೈಗೆ ಕೊಡಬೇಡಿ. ಲೇಸರ್ ನಾನೇ ಇಟ್ಟುಕೊಂಡಿದ್ದೇನೆ, ಕೇಳಿದಾಗ ಮಾತ್ರ ಕೊಡುತ್ತೇನೆ. ಕೊಳವೆ ಮಿಷನ್ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಶಾಲೆಗೆ ಒಯ್ಯಬೇಕು ಅಂತ ಅವನು ದಿನಾ ಕೇಳುತ್ತಾನೆ, ನಾನು ನಾಳೆ ನಾಳೆ ಅನ್ನುತ್ತಿದ್ದೇನೆ.